ಸ್ಮೃತಿಯ ಸೋರಿಕೆ

ಯಂತ್ರಗಳಲ್ಲಿ ಕಾಣಿಸಿಕೊಳ್ಳುವ ದೋಷಗಳು ಎರಡು ಬಗೆಯವು. ಮೊದಲನೆಯ ಬಗೆಯ ದೋಷ ತಟ್ಟನೆ ತೋರಿಬರುತ್ತದೆ. ಬಾವಿಯ ಹಗ್ಗ ಹರಿಯುತ್ತದೆ. ಬಂಡಿಯ ಅಚ್ಚು ಮುರಿಯುತ್ತದೆ. ವಿದ್ಯುದ್ದೀಪದ ತಂತಿ ಸುಟ್ಟುಹೋಗುತ್ತದೆ. ಕೆಟ್ಟಿದ್ದು ಯಾವುದು, ಯಾವಾಗ ಕೆಟ್ಟಿತು ಎಂದು ಯಾರೂ ವಿಚಾರಿಸಬೇಕಾಗಿಲ್ಲ. ಎರಡನೆಯ ಬಗೆಯ ದೋಷ ತೊಲೆಗೆ ಹತ್ತಿದ ಗೆದ್ದಲಿನಂತೆ. ಹೊರಗಿನಿಂದ ನೋಡಿದರೆ ತೊಲೆ ನೆಟ್ಟಗೇ ಇರುತ್ತದೆ. ಒಳಗೆ ಮಾತ್ರ ದಿನದಿನವೂ ಟೊಳ್ಳಾಗುತ್ತಿರುತ್ತದೆ. ಒಂದು ದಿನ ಮಾಡು ಕುಸಿದಾಗ ಜನರು ಆ ದಿನದ ಗಾಳಿಯನ್ನೋ ಮಳೆಯನ್ನೋ ದೂರುತ್ತಾರೆ. ದೋಷ ಹುಟ್ಟಿದ ದಿನ ಬೇರೆ, ಅದು ಕಣ್ಣಿಗೆ ಬಿದ್ದ ದಿನ ಬೇರೆ. ಗಣಕಯಂತ್ರಗಳಲ್ಲಿ, ಅಂದರೆ ಕಂಪ್ಯೂಟರುಗಳಲ್ಲಿ, ಈ ಎರಡನೆಯ ಬಗೆಗೆ ಸೇರಿದ ದೋಷವೊಂದುಂಟು. ಅದನ್ನು ‘ಮೆಮೊರಿ ಲೀಕ್’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ‘ಸ್ಮೃತಿ ಸೋರಿಕೆ’ ಎನ್ನಬಹುದು.

೧೯೯೨ನೆಯ ಇಸವಿಯಲ್ಲಿ ಇಂಗ್ಲೆಂಡಿನ ಲಂಡನ್ ನಗರದಲ್ಲಿ ನಡೆದ ಸಂಗತಿಯೊಂದು ಈ ದೋಷದ ಸ್ವರೂಪವನ್ನು ಚೆನ್ನಾಗಿ ತಿಳಿಸುತ್ತದೆ. ಆ ನಗರದ ಆಂಬ್ಯುಲೆನ್ಸ್ ಸೇವೆಯ ವ್ಯಾಪ್ತಿ ಆಗ ಸುಮಾರು ೬೦೦ ಚದರ ಮೈಲಿ. ಅಲ್ಲಿ ನೆಲಸಿದ್ದ ಜನರ ಸಂಖ್ಯೆ ಸುಮಾರು ೬೮ ಲಕ್ಷ. ದಿನಕ್ಕೆ ೨,೦೦೦ದಿಂದ ೨,೫೦೦ ಕರೆಗಳು ಬರುತ್ತಿದ್ದುವು. ಅವುಗಳಲ್ಲಿ ೧,೩೦೦ರಿಂದ ೧,೬೦೦ರಷ್ಟು ೯೯೯ ಎಂಬ ಸಂಖ್ಯೆಗೆ ಬರುವ ತುರ್ತು ಕರೆಗಳು. ಬಹುಕಾಲದಿಂದ ಈ ಕೆಲಸವೆಲ್ಲ ಕಾಗದದ ಮೇಲೆಯೇ ನಡೆದುಬಂದಿತ್ತು. ಕರೆ ಸ್ವೀಕರಿಸಿದವರು ವಿವರಗಳನ್ನು ಚೀಟಿಯಲ್ಲಿ ಬರೆದು, ನಕ್ಷೆಯ ಪುಸ್ತಕದಲ್ಲಿ ಸ್ಥಳವನ್ನು ಗುರುತಿಸಿ, ಚೀಟಿಯನ್ನು ಚಲಿಸುವ ಪಟ್ಟಿಯ ಮೇಲೆ ಇಡುತ್ತಿದ್ದರು. ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗಿ, ಕಡೆಗೆ ದೂರವಾಣಿಯ ಇಲ್ಲವೆ ರೇಡಿಯೋ ಮೂಲಕ ವಾಹನಕ್ಕೆ ಆದೇಶ ಹೋಗುತ್ತಿತ್ತು.

ಈ ಕ್ರಮದಲ್ಲಿ ವಿಳಂಬಕ್ಕೆ ಎಡೆಯಿದ್ದುದರಿಂದ ಗಣಕಯಂತ್ರಗಳ ಜಾಲವೊಂದನ್ನು ೧೯೯೨ರ ಅಕ್ಟೋಬರ್ ೨೬ರಂದು ಪೂರ್ಣ ಬಳಕೆಗೆ ತರಲಾಯಿತು. ಆದರೆ ಬೇರೆ ಬೇರೆ ಕಾರಣಗಳಿಂದ ಮೊದಲ ಎರಡು ದಿನಗಳಲ್ಲಿಯೇ ತೊಡಕುಗಳು ತಲೆದೋರಿದುವು. ೨೭ರ ಮಧ್ಯಾಹ್ನದಿಂದ ಅರ್ಧ ಕೆಲಸ ಯಂತ್ರದ್ದು, ಅರ್ಧ ಕೆಲಸ ಮನುಷ್ಯರದು ಎಂಬಂತೆ ವ್ಯವಸ್ಥೆಯನ್ನು ಬದಲಾಯಿಸಿಕೊಂಡರು. ಕರೆಯ ವಿವರಗಳನ್ನು ಯಂತ್ರ ಮುದ್ರಿಸಿ ಕೊಡುತ್ತಿತ್ತು. ಯಾವ ವಾಹನವನ್ನು ಕಳುಹಿಸಬೇಕೆಂಬುದನ್ನು ಸಿಬ್ಬಂದಿ ನಿರ್ಧರಿಸುತ್ತಿದ್ದರು. ಒಂದು ವಾರ ಹೀಗೆ ನಡೆಯಿತು. ನವೆಂಬರ್ ೪ರ ರಾತ್ರಿ ಎರಡು ಗಂಟೆ ಕಳೆದ ಸ್ವಲ್ಪ ಹೊತ್ತಿನಲ್ಲಿ ನಿಯಂತ್ರಣ ಕೊಠಡಿಯ ಗಣಕಗಳು ಬಹಳ ನಿಧಾನವಾದುವು. ಆಮೇಲೆ ಸಂಪೂರ್ಣವಾಗಿ ನಿಂತೇಹೋದುವು. ಸಿಬ್ಬಂದಿ ತಮ್ಮ ಮೇಜಿನ ಮೇಲಿನ ಗಣಕಗಳನ್ನು ಆರಿಸಿ ಮತ್ತೆ ಹಚ್ಚಿದರು. ಫಲವಾಗಲಿಲ್ಲ. ಪ್ರಧಾನ ಯಂತ್ರ ನಿಂತರೆ ಅದರ ಹೊಣೆಯನ್ನು ವಹಿಸಿಕೊಳ್ಳಬೇಕಾಗಿದ್ದ ಎರಡನೆಯ ಯಂತ್ರವೂ ನೆರವಿಗೆ ಬರಲಿಲ್ಲ. ಕಾಗದವಿಲ್ಲದೆ ನಡೆಯುವ ಪೂರ್ಣ ವ್ಯವಸ್ಥೆಗೆಂದು ಆ ಏರ್ಪಾಟನ್ನು ಯೋಜಿಸಿದ್ದರೇ ಹೊರತು, ಆಗ ನಡೆಯುತ್ತಿದ್ದ ಅರೆಬರೆ ಕ್ರಮಕ್ಕೆ ಅದನ್ನು ಅಳವಡಿಸಿರಲಿಲ್ಲ. ಯಂತ್ರದೊಳಗೆ ಸೇರಿದ್ದ ಕರೆಗಳ ವಿವರಗಳನ್ನು ಮುದ್ರಿಸಿ ತೆಗೆಯುವುದೂ ಸಾಧ್ಯವಾಗಲಿಲ್ಲ. ಕೊನೆಗೆ ಎಲ್ಲರೂ ಹಳೆಯ ಕಾಗದದ ಕ್ರಮಕ್ಕೇ ಮರಳಬೇಕಾಯಿತು. ಅದು ಅಪರಾತ್ರಿಯ ಹೊತ್ತಾದುದರಿಂದ ಕೆಲಸದ ಒತ್ತಡ ಹೆಚ್ಚಾಗಿರಲಿಲ್ಲ, ಹಾನಿಯೂ ಮಿತಿಯಲ್ಲಿತ್ತು. ಹಗಲಿನ ಬಿಡುವಿಲ್ಲದ ವೇಳೆಯಲ್ಲಿ ಹೀಗಾಗಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು.

ಈ ವೈಫಲ್ಯಗಳನ್ನು ಕುರಿತು ವಿಚಾರಣೆ ನಡೆಸಿದ ತಂಡ ೧೯೯೩ರ ಫೆಬ್ರವರಿಯಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ನವೆಂಬರ್ ೪ರ ಘಟನೆಗೆ ಅದು ಕಂಡುಕೊಂಡ ಕಾರಣ ಆಶ್ಚರ್ಯಕರವಾದುದು. ಸುಮಾರು ಮೂರು ವಾರಗಳ ಹಿಂದೆ ಪ್ರೋಗ್ರಾಮಿನಲ್ಲಿ ಏನೋ ಕೆಲಸ ಮಾಡುತ್ತಿದ್ದವರು ಅರಿವಿಲ್ಲದೆ ಒಂದು ತುಣುಕನ್ನು ಅದರಲ್ಲಿ ಉಳಿಸಿಬಿಟ್ಟಿದ್ದರು. ವಾಹನವೊಂದಕ್ಕೆ ಆದೇಶ ಹೊರಟ ಪ್ರತಿಯೊಂದು ಸಲವೂ ಆ ತುಣುಕು ಪ್ರಧಾನ ಯಂತ್ರದ ಸ್ಮೃತಿಯಲ್ಲಿ ಒಂದಿಷ್ಟು ಜಾಗವನ್ನು ತೆಗೆದುಕೊಳ್ಳುತ್ತಿತ್ತು, ಮರಳಿ ಕೊಡುತ್ತಿರಲಿಲ್ಲ. ಮೂರು ವಾರಗಳಲ್ಲಿ ಜಾಗವೆಲ್ಲ ತೀರಿಹೋಯಿತು. ಇಂತಹ ತಪ್ಪು ನಡೆಯಬಾರದಾಗಿತ್ತು, ಬದಲಾವಣೆಗಳನ್ನು ಸರಿಯಾಗಿ ಪರಿಶೀಲಿಸದಿದ್ದುದೇ ಇದಕ್ಕೆ ಕಾರಣವೆಂದು ತಂಡ ಹೇಳಿತು. ಅದರೊಡನೆ ಇನ್ನೊಂದು ಮಾತನ್ನೂ ಸೇರಿಸಿತು: ಈ ದೋಷದ ಸ್ವರೂಪವನ್ನು ನೋಡಿದರೆ ವಾಡಿಕೆಯ ಪರೀಕ್ಷೆಗಳಿಂದ ಇದು ಪತ್ತೆಯಾಗುವ ಸಂಭವ ಕಡಿಮೆಯಾಗಿತ್ತು. ಪರೀಕ್ಷಿಸಿದರೂ ಪತ್ತೆಯಾಗದಂತಹ ದೋಷ ಎಂತಹುದು? ಇದನ್ನು ಅರಿಯಬೇಕಾದರೆ ಸ್ಮೃತಿ ಎಂದರೇನೆಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಗಣಕಯಂತ್ರದಲ್ಲಿ ಮಾಹಿತಿಯನ್ನು ಇರಿಸುವ ಸ್ಥಳಗಳು ಮುಖ್ಯವಾಗಿ ಎರಡು. ಒಂದು ಡಿಸ್ಕ್, ಇದು ವಿದ್ಯುತ್ ನಿಂತರೂ ಮಾಹಿತಿಯನ್ನು ಕಾಪಾಡಿಕೊಂಡಿರುತ್ತದೆ. ಇನ್ನೊಂದು ಸ್ಮೃತಿ, ಅಂದರೆ ಮೆಮೊರಿ. ಇದು ಕೆಲಸ ನಡೆಯುತ್ತಿರುವಾಗ ಬೇಕಾದ ಮಾಹಿತಿಯನ್ನು ಕೈಗೆಟುಕುವಂತೆ ಇರಿಸಿಕೊಳ್ಳುವ ತಾಣ. ಸ್ಮೃತಿ ಬಹಳ ವೇಗವುಳ್ಳದ್ದು. ಆದರೆ ಅದರ ಪ್ರಮಾಣ ಮಿತವಾದುದು. ಯಂತ್ರದಲ್ಲಿ ಏಕಕಾಲಕ್ಕೆ ಹಲವು ಪ್ರೋಗ್ರಾಮುಗಳು ನಡೆಯುತ್ತಿರುವುದರಿಂದ ಈ ಮಿತವಾದ ಜಾಗವನ್ನು ಅವುಗಳಿಗೆ ಹಂಚುವವರೊಬ್ಬರು ಬೇಕು. ಆಪರೇಟಿಂಗ್ ಸಿಸ್ಟಂ ಎಂಬ ಮೂಲ ಪ್ರೋಗ್ರಾಂ ಈ ಕೆಲಸವನ್ನು ಮಾಡುತ್ತದೆ.

ಮದುವೆ ಮನೆಯ ಉಗ್ರಾಣವನ್ನು ನೆನೆದರೆ ಈ ವ್ಯವಹಾರ ಸುಲಭವಾಗಿ ಅರ್ಥವಾಗುತ್ತದೆ. ಪಾತ್ರೆಗಳೆಲ್ಲ ಉಗ್ರಾಣಿಯ ವಶದಲ್ಲಿರುತ್ತವೆ. ಅಡಿಗೆಯವರು ಬೇಕಾದ ಪಾತ್ರೆಯನ್ನು ಕೇಳಿ ತೆಗೆದುಕೊಂಡು, ಕೆಲಸವಾದ ಮೇಲೆ ತೊಳೆದು ಹಿಂದಕ್ಕೆ ಕೊಡುತ್ತಾರೆ. ಆ ಪಾತ್ರೆ ಇನ್ನೊಬ್ಬರಿಗೆ ಒದಗುತ್ತದೆ. ಅಡಿಗೆಯವನೊಬ್ಬ ಪ್ರತಿ ಒಗ್ಗರಣೆಗೂ ಹೊಸ ಬಾಣಲೆಯನ್ನು ತಂದು, ಕೆಲಸವಾದೊಡನೆ ಮೂಲೆಯಲ್ಲಿಟ್ಟು ಮರೆತುಬಿಡುತ್ತಾನೆಂದು ಇಟ್ಟುಕೊಳ್ಳೋಣ. ಬಾಣಲೆ ಕಳುವಾಗಿಲ್ಲ, ಒಡೆದೂ ಇಲ್ಲ, ಮನೆಯಲ್ಲಿಯೇ ಇದೆ. ಉಗ್ರಾಣಿಯ ಲೆಕ್ಕದಲ್ಲಿ ಅದು ಬಳಕೆಯಲ್ಲಿರುವ ಪಾತ್ರೆ. ವಾಸ್ತವವಾಗಿ ಯಾರಿಗೂ ಬಾರದ ಪಾತ್ರೆ. ಸ್ಮೃತಿ ಸೋರಿಕೆ ಎಂದರೆ ಇದೇ. ಸ್ಮೃತಿ ಯಂತ್ರದಿಂದ ಹೊರಗೆ ಎಲ್ಲಿಯೂ ಸೋರಿಹೋಗುವುದಿಲ್ಲ. ಪಡೆದ ಜಾಗವನ್ನು ಪ್ರೋಗ್ರಾಂ ಹಿಂದಿರುಗಿಸದೆ ಹೋಗುತ್ತದೆ, ಅಷ್ಟೆ.

ಇದೇ ಹೋಲಿಕೆ ಇನ್ನೊಂದು ವಿಷಯವನ್ನೂ ಸ್ಪಷ್ಟಪಡಿಸುತ್ತದೆ. ಅಡಿಗೆಯವನು ಕೆಲಸ ಮುಗಿಸಿ ಹೊರಟಾಗ ಅವನ ಹೆಸರಿನಲ್ಲಿದ್ದ ಪಾತ್ರೆಗಳನ್ನೆಲ್ಲ ಉಗ್ರಾಣಿ ಒಟ್ಟುಗೂಡಿಸಿ ಒಳಗಿಡುತ್ತಾನೆ. ಹಾಗೆಯೇ ಪ್ರೋಗ್ರಾಂ ಮುಕ್ತಾಯವಾದೊಡನೆ ಅದು ಹಿಡಿದಿದ್ದ ಜಾಗವನ್ನೆಲ್ಲ ಆಪರೇಟಿಂಗ್ ಸಿಸ್ಟಂ ಮರಳಿ ಪಡೆಯುತ್ತದೆ. ಆದುದರಿಂದ ಹತ್ತು ನಿಮಿಷ ನಡೆದು ನಿಲ್ಲುವ ಪ್ರೋಗ್ರಾಮಿನಲ್ಲಿ ಸೋರಿಕೆಯಿದ್ದರೂ ಯಾರ ಗಮನಕ್ಕೂ ಬರುವುದಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ಎಡೆಬಿಡದೆ ನಡೆಯುವ ಪ್ರೋಗ್ರಾಮುಗಳಿಗೆ ಮಾತ್ರ ಅದು ಅಪಾಯಕಾರಿ. ಜಾಲದ ನಡುವೆ ಕುಳಿತು ನೂರಾರು ಗಣಕಗಳಿಗೆ ಉತ್ತರ ಕೊಡುವ ಸರ್ವರುಗಳು ಇಂತಹ ಪ್ರೋಗ್ರಾಮುಗಳನ್ನೇ ನಡೆಸುತ್ತವೆ.

ಹನಿಹನಿ ಕೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಸ್ಮೃತಿಯನ್ನು ಬೈಟ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಸರ್ವರ್ ಸೆಕೆಂಡಿಗೆ ೫೦ ಕೋರಿಕೆಗಳಿಗೆ ಉತ್ತರಿಸುತ್ತದೆಂದೂ, ಪ್ರತಿ ಸಲ ೧೦೦ ಬೈಟುಗಳನ್ನು ಹಿಂದಿರುಗಿಸಲು ಮರೆಯುತ್ತದೆಂದೂ ಭಾವಿಸಿದರೆ, ಸೆಕೆಂಡಿಗೆ ಆಗುವ ನಷ್ಟ ೫,೦೦೦ ಬೈಟು. ದಿನವೊಂದಕ್ಕೆ ೮೬,೪೦೦ ಸೆಕೆಂಡುಗಳು. ಆದುದರಿಂದ ದಿನಕ್ಕೆ ೪೩ ಕೋಟಿ ೨೦ ಲಕ್ಷ ಬೈಟುಗಳು ನಿರುಪಯುಕ್ತವಾಗುತ್ತವೆ. ನಾಲ್ಕು ಗಿಗಾಬೈಟ್, ಅಂದರೆ ಸುಮಾರು ೪೨೯ ಕೋಟಿ ಬೈಟುಗಳ ಸ್ಮೃತಿಯಿರುವ ಯಂತ್ರದಲ್ಲಿ ಇದು ಹತ್ತು ದಿನ ತುಂಬುವುದರೊಳಗೆ ಎಲ್ಲವನ್ನೂ ನುಂಗಿಬಿಡುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಅರ್ಧ ಗಂಟೆ ನಡೆಸಿ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಲಂಡನ್ನಿನ ದೋಷ ವಾಡಿಕೆಯ ಪರೀಕ್ಷೆಗೆ ಸಿಕ್ಕುವಂತಹುದಲ್ಲವೆಂದು ವಿಚಾರಣಾ ತಂಡ ಹೇಳಿದ್ದರ ಮರ್ಮ ಇದೇ.

ಸ್ಮೃತಿ ತೀರುತ್ತಾ ಬಂದರೆ ಯಂತ್ರ ಒಮ್ಮೆಗೇ ನಿಲ್ಲದೆ ಮೊದಲು ನಿಧಾನವಾಗುವುದೇಕೆ? ಜಾಗ ಸಾಲದೆ ಹೋದಾಗ ಆಪರೇಟಿಂಗ್ ಸಿಸ್ಟಂ ಒಂದು ಉಪಾಯ ಮಾಡುತ್ತದೆ. ಸದ್ಯಕ್ಕೆ ಬೇಡವಾದ ಮಾಹಿತಿಯನ್ನು ಸ್ಮೃತಿಯಿಂದ ತೆಗೆದು ಡಿಸ್ಕಿಗೆ ಸಾಗಿಸುತ್ತದೆ. ಬೇಕೆನಿಸಿದಾಗ ಮರಳಿ ತರುತ್ತದೆ. ಉಗ್ರಾಣದಲ್ಲಿ ಪಾತ್ರೆ ಸಾಲದೆ, ಊರಾಚೆಯ ಮನೆಯಿಂದ ಹೊತ್ತು ತಂದು ಕೆಲಸವಾದ ಮೇಲೆ ಅಲ್ಲಿಗೇ ಹೊತ್ತು ಹಾಕಿದ ಹಾಗೆ. ಯಾಂತ್ರಿಕ ಡಿಸ್ಕಿನಿಂದ ಮಾಹಿತಿಯನ್ನು ತರಲು ಸ್ಮೃತಿಯಿಂದ ತರುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಕಾಲ ಹಿಡಿಯುತ್ತದೆ. ಕೊರತೆ ಅತಿಯಾದಾಗ ಯಂತ್ರ ಈ ಸಾಗಾಟದಲ್ಲಿಯೇ ಮುಳುಗಿ, ಮಾಡಬೇಕಾದ ಕೆಲಸಕ್ಕೆ ಅದಕ್ಕೆ ಬಿಡುವೇ ಇರುವುದಿಲ್ಲ. ಈ ಸ್ಥಿತಿಯ ಕಾರಣಗಳನ್ನು ಅಮೆರಿಕದ ಗಣಕವಿಜ್ಞಾನಿ ಪೀಟರ್ ಡೆನಿಂಗ್ ೧೯೬೮ರಲ್ಲಿಯೇ ವಿವರಿಸಿದ್ದರು.

ಒಂಟಿ ಯಂತ್ರದಲ್ಲಿ ಈ ದೋಷ ಒಬ್ಬರಿಗೆ ತೊಂದರೆ ಕೊಟ್ಟರೆ, ಜಾಲದಲ್ಲಿ ಎಲ್ಲರಿಗೂ ತೊಂದರೆ ಕೊಡುತ್ತದೆ. ಅಷ್ಟೇ ಅಲ್ಲ, ರೋಗ ಒಂದೆಡೆ ಇದ್ದು ಅದರ ಲಕ್ಷಣ ಮತ್ತೊಂದೆಡೆ ತೋರುತ್ತದೆ. ಮೇಜಿನ ಮೇಲಿನ ಗಣಕ ಆರೋಗ್ಯವಾಗಿಯೇ ಇರುತ್ತದೆ. ಆದರೆ ಅದು ಸರ್ವರಿನ ಉತ್ತರಕ್ಕಾಗಿ ಕಾಯುತ್ತಾ ಕುಳಿತಿರುವುದರಿಂದ ಅದರ ಮುಂದೆ ಕುಳಿತವರು ಅದನ್ನೇ ದೂರುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯಂತೆ, ಲಂಡನ್ನಿನ ಆ ರಾತ್ರಿ ಆರಿಸಿ ಹಚ್ಚಿದ್ದು ಮೇಜಿನ ಗಣಕಗಳನ್ನು. ಬರಿದಾಗಿದ್ದುದು ಪ್ರಧಾನ ಯಂತ್ರದ ಸ್ಮೃತಿ.

ಹಾಗಾದರೆ ಇಂತಹ ದೋಷವನ್ನು ಪತ್ತೆಹಚ್ಚುವ ಬಗೆ ಹೇಗೆ? ಒಳ್ಳೆಯ ವೈದ್ಯನು ರೋಗಿಯನ್ನು ನೋಡಿದೊಡನೆ ಔಷಧ ಬರೆದುಕೊಡುವುದಿಲ್ಲ. ಎಲ್ಲಿ ನೋವು, ಯಾವಾಗಿನಿಂದ, ಏನು ಮಾಡಿದಾಗ ಹೆಚ್ಚಾಗುತ್ತದೆ ಎಂದು ವಿಚಾರಿಸುತ್ತಾನೆ. ಯಂತ್ರದ ವಿಚಾರದಲ್ಲಿಯೂ ಈ ಮೂರು ಪ್ರಶ್ನೆಗಳೇ ದಾರಿ ತೋರಿಸುತ್ತವೆ.

ಮೊದಲನೆಯ ಪ್ರಶ್ನೆ ಸ್ಥಳವನ್ನು ಕುರಿತದ್ದು. ನಿಧಾನವಾಗಿರುವುದು ಒಂದು ಗಣಕವೋ, ಎಲ್ಲ ಗಣಕಗಳೋ? ಒಂದೇ ಆದರೆ ದೋಷ ಅದರಲ್ಲಿಯೇ ಇರಬಹುದು. ಎಲ್ಲವೂ ಒಟ್ಟಿಗೆ ಮಂದವಾಗಿದ್ದರೆ, ಅವೆಲ್ಲವೂ ಆಶ್ರಯಿಸಿರುವ ಸರ್ವರಿನ ಕಡೆಗೋ ಅವುಗಳನ್ನು ಜೋಡಿಸುವ ತಂತಿಯ ಕಡೆಗೋ ನೋಡಬೇಕು. ಇವೆರಡರಲ್ಲಿ ಯಾವುದು ಎಂಬುದನ್ನು ತಿಳಿಯಲು ಒಂದು ಚಿಕ್ಕ ಸಂದೇಶವನ್ನು ಸರ್ವರಿಗೆ ಕಳುಹಿಸಿ, ಅದು ಹೋಗಿಬರಲು ಹಿಡಿದ ಕಾಲವನ್ನು ಅಳೆಯುತ್ತಾರೆ. ಸಂದೇಶ ಎಂದಿನ ವೇಗದಲ್ಲಿ ಮರಳಿ ಬಂದರೂ ನಿಜವಾದ ಕೆಲಸಕ್ಕೆ ಮಾತ್ರ ಉತ್ತರ ತಡವಾಗುತ್ತಿದ್ದರೆ ಸಂದೇಹ ತಂತಿಯನ್ನು ಬಿಟ್ಟು ಸರ್ವರಿನ ಮೇಲೆ ನಿಲ್ಲುತ್ತದೆ.

ಎರಡನೆಯ ಪ್ರಶ್ನೆ ಕಾಲವನ್ನು ಕುರಿತದ್ದು. ಸರ್ವರಿನ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಆರಂಭಿಸಿದೊಡನೆ ವೇಗ ಮರಳುತ್ತದೆಯೇ? ಮರಳಿದ ವೇಗ ಕೆಲವು ದಿನಗಳಲ್ಲಿ ಮತ್ತೆ ಕುಗ್ಗುತ್ತದೆಯೇ? ಈ ಅಂತರ ಪ್ರತಿ ಬಾರಿಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆಯೇ? ಹೌದಾದರೆ ಯಂತ್ರದಲ್ಲಿ ಏನೋ ಒಂದು ಸಂಚಯವಾಗುತ್ತಿದೆ ಎಂದು ತಿಳಿಯಬೇಕು. ಆರಿಸಿ ಹಚ್ಚುವುದರಿಂದ ಗುಣ ಕಂಡಿತೆಂದು ತೃಪ್ತರಾಗುವವರು ಇಲ್ಲಿ ಒಂದು ಮುಖ್ಯ ಸುಳಿವನ್ನು ಕಳೆದುಕೊಳ್ಳುತ್ತಾರೆ. ಅದು ಚಿಕಿತ್ಸೆಯಲ್ಲ, ಉಪಶಮನ ಮಾತ್ರ. ಆರಿಸುವುದಕ್ಕೆ ಮೊದಲು ಯಂತ್ರದ ಸ್ಥಿತಿಯನ್ನು ಬರೆದಿಟ್ಟುಕೊಳ್ಳದಿದ್ದರೆ ಸಾಕ್ಷ್ಯವೆಲ್ಲ ಅದರೊಡನೆಯೇ ಅಳಿಸಿಹೋಗುತ್ತದೆ.

ಇಲ್ಲಿಂದ ಮುಂದಕ್ಕೆ ಬೇಕಾದುದು ತಾಳ್ಮೆ ಮತ್ತು ಲೆಕ್ಕ. ಸರ್ವರಿನಲ್ಲಿ ನಡೆಯುತ್ತಿರುವ ಪ್ರತಿಯೊಂದು ಪ್ರೋಗ್ರಾಮೂ ಎಷ್ಟು ಸ್ಮೃತಿಯನ್ನು ಹಿಡಿದಿದೆಯೆಂಬುದನ್ನು ಗಂಟೆಗೊಮ್ಮೆ ಗುರುತುಹಾಕಿ, ಅದನ್ನು ನಕ್ಷೆಯಾಗಿ ಬರೆಯುತ್ತಾರೆ. ಆರೋಗ್ಯವುಳ್ಳ ಪ್ರೋಗ್ರಾಮಿನ ರೇಖೆ ಬಳಕೆಯ ಬಾವಿಯ ನೀರಿನಂತೆ ಏರಿಳಿಯುತ್ತದೆ: ಹಗಲು ಕೆಲಸ ಹೆಚ್ಚಿದಾಗ ಏರುತ್ತದೆ, ರಾತ್ರಿ ಇಳಿದು ಹಿಂದಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಸೋರಿಕೆಯಿರುವ ಪ್ರೋಗ್ರಾಮಿನ ರೇಖೆ ಮೆಟ್ಟಿಲುಗಳಂತೆ ಏರುತ್ತದೆ. ಅದು ಇಳಿದರೂ ಹಿಂದಿನ ದಿನದ ಕೆಳಮಟ್ಟವನ್ನು ಮುಟ್ಟುವುದಿಲ್ಲ. ನೋಡಬೇಕಾದುದು ರೇಖೆ ಎಷ್ಟು ಎತ್ತರಕ್ಕೆ ಹೋಯಿತೆಂಬುದನ್ನಲ್ಲ, ಎಲ್ಲಿಯವರೆಗೆ ಇಳಿಯಿತೆಂಬುದನ್ನು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸ್ಮೃತಿ ತುಂಬಿರುವುದೇ ಒಂದು ರೋಗವಲ್ಲ. ಮತ್ತೆ ಬೇಕಾಗಬಹುದೆಂದು ಡಿಸ್ಕಿನಿಂದ ಓದಿದ ಮಾಹಿತಿಯನ್ನು ಆಪರೇಟಿಂಗ್ ಸಿಸ್ಟಂ ಖಾಲಿ ಜಾಗದಲ್ಲಿ ಇರಿಸಿಕೊಳ್ಳುವುದುಂಟು. ಯಾರಾದರೂ ಜಾಗ ಕೇಳಿದೊಡನೆ ಅದನ್ನು ಬಿಟ್ಟುಕೊಡುತ್ತದೆ. ಕೆಲವು ಪ್ರೋಗ್ರಾಮುಗಳು ಆರಂಭದಲ್ಲಿ ಬೇಗ ಬೇಗ ಬೆಳೆದು ಆಮೇಲೆ ಒಂದು ಮಟ್ಟದಲ್ಲಿ ನಿಂತುಬಿಡುತ್ತವೆ. ಇವು ಯಾವುವೂ ಸೋರಿಕೆಯಲ್ಲ. ಒಂದು ದಿನದ ಅಂಕಿಯನ್ನು ನೋಡಿ ತೀರ್ಪು ಕೊಡುವವರು ನಿರಪರಾಧಿಯನ್ನು ಹಿಡಿದು ಅಪರಾಧಿಯನ್ನು ಬಿಟ್ಟುಬಿಡುತ್ತಾರೆ.

ಮೂರನೆಯ ಪ್ರಶ್ನೆ ಕಾರ್ಯವನ್ನು ಕುರಿತದ್ದು. ಯಾವ ಕೆಲಸ ಮಾಡಿದಾಗ ರೇಖೆ ಏರುತ್ತದೆ? ರಾತ್ರಿಯೆಲ್ಲ ಕೆಲಸವಿಲ್ಲದಿದ್ದಾಗ ಅದು ಸಮತಟ್ಟಾಗಿದ್ದು, ಕೋರಿಕೆಗಳು ಬರತೊಡಗಿದೊಡನೆ ಏರಿದರೆ ದೋಷ ಕೋರಿಕೆಗೆ ಉತ್ತರಿಸುವ ಭಾಗದಲ್ಲಿದೆ. ಕೆಲಸವಿರಲಿ ಇಲ್ಲದಿರಲಿ ಒಂದೇ ಸಮನೆ ಏರುತ್ತಿದ್ದರೆ, ಗಡಿಯಾರದ ಲೆಕ್ಕದಲ್ಲಿ ತನ್ನಷ್ಟಕ್ಕೆ ನಡೆಯುವ ಯಾವುದೋ ಭಾಗದಲ್ಲಿದೆ. ಹೀಗೆ ಸಂದೇಹವನ್ನು ಕಿರಿದುಗೊಳಿಸಿದ ಮೇಲೆ ಬೇರೆಯೊಂದು ಯಂತ್ರದಲ್ಲಿ ಆ ಕೆಲಸವೊಂದನ್ನೇ ಸಾವಿರ ಸಲ ಮಾಡಿಸಿ ನೋಡುತ್ತಾರೆ. ಸಾವಿರ ಸಲಕ್ಕೆ ಒಂದು ಲಕ್ಷ ಬೈಟು, ಎರಡು ಸಾವಿರ ಸಲಕ್ಕೆ ಎರಡು ಲಕ್ಷ ಬೈಟು ಹೆಚ್ಚಾದರೆ ಅಪರಾಧಿ ಸಿಕ್ಕಿದಂತೆಯೇ. ವಾರಗಟ್ಟಲೆ ಕಾಯಬೇಕಾಗಿದ್ದ ದೋಷವನ್ನು ಗಂಟೆಯೊಳಗೆ ಕಾಣುವಂತೆ ಮಾಡುವ ಜಾಣ್ಮೆ ಇದು.

ಉಳಿದ ಕೆಲಸಕ್ಕೆ ಉಪಕರಣಗಳಿವೆ. ೧೯೯೦ರ ದಶಕದ ಆರಂಭದಲ್ಲಿ ಬಂದ ಪ್ಯೂರಿಫೈ, ೨೦೦೨ರಲ್ಲಿ ಬಂದ ವಾಲ್‌ಗ್ರಿಂಡ್ ಮೊದಲಾದುವು ಉಗ್ರಾಣಿಯ ಬಳಿ ಕುಳಿತ ಲೆಕ್ಕಿಗರಂತೆ. ಯಾವ ಸಾಲಿನ ಆಜ್ಞೆ ಎಷ್ಟು ಜಾಗ ಪಡೆಯಿತು, ಅದು ಹಿಂದಕ್ಕೆ ಬಂತೇ ಇಲ್ಲವೇ ಎಂಬುದನ್ನು ಅವು ಒಂದೂ ಬಿಡದೆ ಬರೆದುಕೊಂಡು, ಕೊನೆಯಲ್ಲಿ ಬಾಕಿಯ ಪಟ್ಟಿಯನ್ನು ಮುಂದಿಡುತ್ತವೆ. ಆ ಪಟ್ಟಿಯಲ್ಲಿ ಬಹುಮಟ್ಟಿಗೆ ಮೂರು ಬಗೆಯ ತಪ್ಪುಗಳು ಕಾಣಸಿಗುತ್ತವೆ. ಕೆಲವು ಕಡೆ ಹಿಂದಿರುಗಿಸುವ ಆಜ್ಞೆಯನ್ನೇ ಬರೆಯಲು ಮರೆತಿರುತ್ತಾರೆ. ಕೆಲವು ಕಡೆ ಕೆಲಸ ಕೈಗೂಡಿದಾಗ ಹಿಂದಿರುಗಿಸುವ ಆಜ್ಞೆಯಿದ್ದು, ಕೆಲಸ ಕೆಟ್ಟಾಗ ಹಿಂದಿರುಗಿಸುವ ಆಜ್ಞೆಯಿರುವುದಿಲ್ಲ. ಇನ್ನು ಕೆಲವು ಕಡೆ ಮುಂದೆ ಬೇಕಾಗಬಹುದೆಂದು ಪಟ್ಟಿಯೊಂದಕ್ಕೆ ಸೇರಿಸುತ್ತಾ ಹೋಗುತ್ತಾರೆ. ತೆಗೆದುಹಾಕುವ ಯೋಚನೆಯನ್ನೇ ಮಾಡಿರುವುದಿಲ್ಲ.

ಇವುಗಳಲ್ಲಿ ಎರಡನೆಯದು ಅತ್ಯಂತ ಮೋಸದ್ದು. ಏಕೆಂದರೆ ಎಲ್ಲವೂ ಸುಸೂತ್ರವಾಗಿರುವ ತನಕ ಅದು ಕಾಣಿಸಿಕೊಳ್ಳುವುದೇ ಇಲ್ಲ. ಇದಕ್ಕೆ ೨೦೧೨ರ ಅಕ್ಟೋಬರ್ ೨೨ರಂದು ಅಮೆರಿಕದಲ್ಲಿ ನಡೆದ ಘಟನೆ ಒಳ್ಳೆಯ ನಿದರ್ಶನ. ಅಮೆಜಾನ್ ಸಂಸ್ಥೆ ಇತರ ಸಂಸ್ಥೆಗಳಿಗೆ ತನ್ನ ಗಣಕಗಳನ್ನೂ ಡಿಸ್ಕುಗಳನ್ನೂ ಬಾಡಿಗೆಗೆ ಕೊಡುತ್ತದೆ. ವರ್ಜೀನಿಯಾ ರಾಜ್ಯದಲ್ಲಿದ್ದ ಅದರ ಕೇಂದ್ರವೊಂದರಲ್ಲಿ ಆ ದಿನ ಡಿಸ್ಕುಗಳ ಸೇವೆ ಮಂದವಾಯಿತು. ಅದನ್ನು ನಂಬಿದ್ದ ಅನೇಕ ಜಾಲತಾಣಗಳು ಕುಂಟಿದುವು. ನಡೆದುದೇನೆಂಬುದನ್ನು ಸಂಸ್ಥೆಯೇ ಬಳಿಕ ವಿವರವಾಗಿ ಪ್ರಕಟಿಸಿತು.

ಆ ಕೇಂದ್ರದ ಪ್ರತಿಯೊಂದು ಡಿಸ್ಕ್ ಸರ್ವರಿನಲ್ಲಿಯೂ ಒಂದು ಪುಟ್ಟ ಪ್ರೋಗ್ರಾಂ ಇತ್ತು. ಸರ್ವರಿನ ಸ್ಥಿತಿಗತಿಯನ್ನು ಆಗಾಗ ಮಾಹಿತಿ ಸಂಗ್ರಹಿಸುವ ಯಂತ್ರವೊಂದಕ್ಕೆ ವರದಿ ಮಾಡುವುದು ಅದರ ಕೆಲಸ. ವರದಿ ತಡವಾದರೂ ತಪ್ಪಿಹೋದರೂ ಸೇವೆಗೆ ಬಾಧೆಯಿರಲಿಲ್ಲ. ಹಿಂದಿನ ವಾರ ಮಾಹಿತಿ ಸಂಗ್ರಹಿಸುವ ಯಂತ್ರಗಳಲ್ಲಿ ಒಂದು ಕೆಟ್ಟಿತು. ಅದರ ಜಾಗದಲ್ಲಿ ಹೊಸದನ್ನು ಇಟ್ಟು, ವಿಳಾಸವನ್ನೂ ಬದಲಾಯಿಸಿದರು. ಆದರೆ ಹೊಸ ವಿಳಾಸ ಎಲ್ಲ ಸರ್ವರುಗಳಿಗೂ ತಲಪಲಿಲ್ಲ. ತಲಪದಿದ್ದೆಡೆ ಆ ಪುಟ್ಟ ಪ್ರೋಗ್ರಾಂ ಇಲ್ಲದ ಯಂತ್ರವನ್ನು ಮತ್ತೆ ಮತ್ತೆ ಕರೆಯುತ್ತಾ ಹೋಯಿತು. ಕರೆ ವಿಫಲವಾದಾಗ ಸ್ಮೃತಿಯನ್ನು ಸರಿಯಾಗಿ ಬಿಟ್ಟುಕೊಡದ ದೋಷ ಅದರಲ್ಲಿ ಮೊದಲಿನಿಂದಲೂ ಅಡಗಿತ್ತು. ದಿನದಿಂದ ದಿನಕ್ಕೆ ಸ್ಮೃತಿ ಕರಗಿತು. ಡಿಸ್ಕ್ ಸರ್ವರುಗಳು ತಮ್ಮ ಸ್ಮೃತಿಯನ್ನೆಲ್ಲ ಏರುಪೇರಾಗಿ ಬಳಸುವುದು ರೂಢಿಯಾದುದರಿಂದ, ಒಟ್ಟು ಬಳಕೆಯನ್ನು ಮಾತ್ರ ಗಮನಿಸುತ್ತಿದ್ದ ಎಚ್ಚರಿಕೆಯ ಗಂಟೆ ಬಾರಿಸಲೇ ಇಲ್ಲ.

ಅಮೆರಿಕದ ಪಶ್ಚಿಮ ಕರಾವಳಿಯ ಕಾಲಮಾನದಂತೆ ಬೆಳಗ್ಗೆ ೧೦ ಗಂಟೆಗೆ ಕೆಲವು ಡಿಸ್ಕುಗಳು ಸ್ತಬ್ಧವಾದುವು. ರೋಗಗ್ರಸ್ತ ಸರ್ವರಿನ ಹೊಣೆಯನ್ನು ಆರೋಗ್ಯವಂತ ಸರ್ವರಿಗೆ ವರ್ಗಾಯಿಸುವ ಏರ್ಪಾಟು ತಾನಾಗಿಯೇ ಕೆಲಸ ಮಾಡತೊಡಗಿತು. ಆದರೆ ಅನೇಕ ಸರ್ವರುಗಳು ಏಕಕಾಲದಲ್ಲಿ ಬಸವಳಿದಿದ್ದುದರಿಂದ ಹೊಣೆ ಹೊರುವ ಸರ್ವರುಗಳೇ ಸಾಲದಾದುವು. ೧೧ ಗಂಟೆಯ ಹೊತ್ತಿಗೆ ಬಹಳಷ್ಟು ಡಿಸ್ಕುಗಳು ನಿಂತಿದ್ದುವು. ಈ ವರ್ಗಾವಣೆಯ ಗದ್ದಲವೇ ಮೂಲ ಕಾರಣವನ್ನು ಮರೆಮಾಡಿತು. ಕಾರಣ ತಿಳಿದಾಗ ಮಧ್ಯಾಹ್ನ ೩ ಗಂಟೆ ೧೦ ನಿಮಿಷ. ಅಲ್ಲಿಂದ ಮುಂದೆ ಪುಟ್ಟ ಪ್ರೋಗ್ರಾಂ ಹಿಡಿದಿಟ್ಟಿದ್ದ ಸ್ಮೃತಿಯನ್ನು ಬಿಡಿಸುತ್ತಾ ಬಂದಂತೆ, ೪ ಗಂಟೆ ೧೫ ನಿಮಿಷದ ಹೊತ್ತಿಗೆ ಬಹುಪಾಲು ಎಲ್ಲವೂ ಸರಿಹೋಯಿತು. ರೋಗವನ್ನು ಗುರುತಿಸಲು ಐದು ಗಂಟೆಗೂ ಮೀರಿ ಹಿಡಿಯಿತು. ಗುರುತಿಸಿದ ಮೇಲೆ ಗುಣಪಡಿಸಲು ಹಿಡಿದುದು ಒಂದು ಗಂಟೆಗೆ ತುಸು ಹೆಚ್ಚು.

ಈ ಅನುಭವದಿಂದ ಆ ಸಂಸ್ಥೆ ಕೈಗೊಂಡ ಕ್ರಮಗಳು ಎಲ್ಲ ಜಾಲಗಳಿಗೂ ಅನ್ವಯಿಸುವಂತಹವು. ಸೋರಿಕೆಯನ್ನು 
ಸರಿಪಡಿಸುವುದಲ್ಲದೆ, ಒಟ್ಟು ಸ್ಮೃತಿಯ ಬದಲು ಪ್ರತಿಯೊಂದು ಪ್ರೋಗ್ರಾಮಿನ ಬಳಕೆಯನ್ನೂ ಪ್ರತ್ಯೇಕವಾಗಿ ಗಮನಿಸುವುದು. ಮುಖ್ಯವಲ್ಲದ ಪ್ರೋಗ್ರಾಮುಗಳು ಮಿತಿ ಮೀರಿ ಜಾಗ ಹಿಡಿಯದಂತೆ ಕಟ್ಟುಪಾಡು ಹಾಕುವುದು. ವಿಳಾಸದ ಬದಲಾವಣೆ ಎಲ್ಲೆಡೆಗೂ ತಪ್ಪದೆ ತಲಪುವಂತೆ ನೋಡಿಕೊಳ್ಳುವುದು. ದೋಷವನ್ನು ತಿದ್ದಿದ ಮೇಲೆ ಮಾಡಬೇಕಾದ ಇನ್ನೊಂದು ಕೆಲಸವನ್ನು ಹಲವರು ಮರೆಯುತ್ತಾರೆ. ದೋಷ ಪ್ರಕಟವಾಗಲು ಎಷ್ಟು ದಿನ ಹಿಡಿದಿತ್ತೋ ಅಷ್ಟು ದಿನ ಪ್ರೋಗ್ರಾಮನ್ನು ಮತ್ತೆ ನಡೆಸಿ, ರೇಖೆ ಈಗ ಸಮತಟ್ಟಾಗಿದೆಯೇ ಎಂದು ನೋಡಬೇಕು. ಅಲ್ಲಿಯವರೆಗೆ ಗುಣವಾಯಿತೆಂದು ಹೇಳಲು ಬರುವುದಿಲ್ಲ.

ಮರೆಯುವುದು ಮನುಷ್ಯನ ಸ್ವಭಾವವಾದುದರಿಂದ, ಹಿಂದಿರುಗಿಸುವ ಹೊಣೆಯನ್ನು ಯಂತ್ರಕ್ಕೇ ಏಕೆ ಒಪ್ಪಿಸಬಾರದೆಂಬ ಯೋಚನೆಯೂ ಹಳೆಯದೇ. ಜಾನ್ ಮೆಕಾರ್ಥಿಯವರು ರೂಪಿಸಿದ ಲಿಸ್ಪ್ ಎಂಬ ಭಾಷೆಯಲ್ಲಿ, ಯಾರಿಗೂ ಬೇಡವಾದ ಜಾಗವನ್ನು ಯಂತ್ರವೇ ಹುಡುಕಿ ಮರಳಿ ಪಡೆಯುವ ವಿಧಾನವಿತ್ತು. ೧೯೬೦ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಇದರ ವಿವರಣೆಯಿದೆ. ಜಾವಾ ಮೊದಲಾದ ಭಾಷೆಗಳು ಇದನ್ನು ಅಳವಡಿಸಿಕೊಂಡಿವೆ. ಇದರಿಂದ ಮರೆವಿನ ತಪ್ಪುಗಳು ಬಹಳ ಮಟ್ಟಿಗೆ ತಗ್ಗಿದುವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಸೋರಿಕೆ ಇಲ್ಲವಾಗಲಿಲ್ಲ. ಬೇಡವಾದುದನ್ನು ಬೇಕೆಂದು ಪಟ್ಟಿಯಲ್ಲಿ ಇರಿಸಿಕೊಂಡರೆ ಯಂತ್ರ ಅದನ್ನು ಮುಟ್ಟುವಂತಿಲ್ಲ. ಯಾವುದು ಬೇಕು, ಯಾವುದು ಬೇಡ ಎಂಬ ನಿರ್ಣಯ ಇಂದಿಗೂ ಮನುಷ್ಯನದೇ.

ಲಂಡನ್ನಿನ ಆಂಬ್ಯುಲೆನ್ಸ್ ಸೇವೆ ಆಮೇಲೆ ಅವಸರಪಡಲಿಲ್ಲ. ಹೊಸ ವ್ಯವಸ್ಥೆಯನ್ನು ಹಂತಹಂತವಾಗಿ ರೂಪಿಸಿ ೧೯೯೬ರಲ್ಲಿ ಬಳಕೆಗೆ ತಂದಿತು. ಅಲ್ಲಿ ಮೊದಲು ನಡೆದ ತಪ್ಪಿಗೆ ದೊಡ್ಡ ಕಾರಣವೇನೂ ಇರಲಿಲ್ಲ. ಪ್ರತಿ ಸಲವೂ ಮರಳದೆ ಉಳಿದ ಒಂದಿಷ್ಟು ಜಾಗ, ಅದನ್ನು ಮೂರು ವಾರ ಯಾರೂ ಲೆಕ್ಕವಿಡದೆ ಹೋದುದು, ಇಷ್ಟೇ. ಗಾಯಗೊಂಡವನ ಮನೆಯವರು ದೂರವಾಣಿ ಹಿಡಿದು ಕಾಯುತ್ತಿರುವಾಗ ಉತ್ತರಿಸಬೇಕಾದ ಯಂತ್ರ ಅಷ್ಟರಿಂದಲೇ ಮೂಕವಾಯಿತು. ನಿಧಾನವಾಗಿ ಬೆಳೆಯುವ ದೋಷ ಒಂದು ನೋಟಕ್ಕೆ ಸಿಕ್ಕುವುದಿಲ್ಲ. ನಿನ್ನೆಯ ಅಂಕಿಯನ್ನು ಬರೆದಿಟ್ಟು, ಇಂದಿನ ಅಂಕಿಯೊಡನೆ ಹೋಲಿಸಿ, ನಾಳೆಯೂ ನೋಡುವವರ ಕಣ್ಣಿಗೆ ಮಾತ್ರ ಅದು ಬೀಳುತ್ತದೆ. ಆಸ್ಪತ್ರೆ, ರೈಲು, ಬ್ಯಾಂಕು, ವಿದ್ಯುತ್ ಸರಬರಾಜು ಎಲ್ಲವೂ ಗಣಕಗಳ ಜಾಲವನ್ನು ನೆಚ್ಚಿಕೊಂಡಿರುವ ಈ ಕಾಲದಲ್ಲಿ, ಹೀಗೆ ದಿನವೂ ಲೆಕ್ಕವಿಡುವವರ ಸದ್ದಿಲ್ಲದ ಶ್ರಮದ ಮೇಲೆ ಅನೇಕರ ಕ್ಷೇಮ ನಿಂತಿದೆ.